ಪಕ್ಕದ ತೋಟದವರು ಕೊರೆಸಿದರೆ ನಾನು ಸುಮ್ಮನಿರಲೇ?

ಪ್ರಶ್ನೆ: ಅಂತರ್ಜಲ ಬತ್ತುತ್ತಿರುವುದು ಊರಿನ ಎಲ್ಲರಿಗೂ ಗೊತ್ತು. ಆದರೂ ಒಬ್ಬರಾದ ಮೇಲೆ ಒಬ್ಬರು ಇನ್ನೂ ಆಳಕ್ಕೆ ಕೊಳವೆಬಾವಿ ಕೊರೆಸುತ್ತಲೇ ಇದ್ದಾರೆ. ಇದು ದುರಾಸೆಯೇ, ತಿಳಿಗೇಡಿತನವೇ?

ಉತ್ತರ: ಎರಡೂ ಅಲ್ಲ. ಕೊರೆಸುವ ಒಬ್ಬೊಬ್ಬ ರೈತನ ಲೆಕ್ಕವೂ ಸರಿಯಾಗಿಯೇ ಇದೆ, ಊರಿಗೆ ಕುತ್ತು ಬರುವುದು ಅಲ್ಲಿಂದಲೇ.

ಕೋಲಾರದ ಕಡೆಯನ್ನೇ ನೋಡಿ. ವರ್ಷವಿಡೀ ಹರಿಯುವ ನದಿಯಿಲ್ಲ, ನೆಲದಡಿ ಗಟ್ಟಿ ಬಂಡೆ. ನೀರು ಸಿಗುವುದು ಬಂಡೆಯ ಬಿರುಕುಗಳಲ್ಲಿ, ಬಿರುಕಿಗೆ ಸರ್ವೆ ಕಲ್ಲಿನ ಹಂಗಿಲ್ಲ. ನಿಮ್ಮ ಬಾವಿ 800 ಅಡಿ ಎಂದುಕೊಳ್ಳಿ. ಪಕ್ಕದವರು 1,200 ಅಡಿಗೆ ಇಳಿದರೆ ನಿಮ್ಮ ಹಿಪ್ಪುನೇರಳೆ ಒಣಗುತ್ತದೆ, ಆದ್ದರಿಂದ ಕೊರೆಸಬೇಕು. ಅವರು ಸುಮ್ಮನಿದ್ದರೂ ಮೊದಲು ಇಳಿದವರಿಗೆ ಟೊಮೆಟೊ ಬೆಳೆ ಖಾತ್ರಿ, ಆಗಲೂ ಕೊರೆಸುವುದೇ ಲಾಭ. ಅವರೂ ಹೀಗೆಯೇ ಯೋಚಿಸುತ್ತಾರೆ. ಕೊನೆಗೆ ಇಬ್ಬರಿಗೂ ಸಾಲ, ನೀರು ಮಾತ್ರ ಅಷ್ಟೇ. ಹತ್ತು ಅಶ್ವಶಕ್ತಿವರೆಗಿನ ಪಂಪ್‌ಸೆಟ್‌ಗೆ ವಿದ್ಯುತ್ ಉಚಿತವಾಗಿರುವುದರಿಂದ ಮೋಟಾರ್ ನಿಲ್ಲಿಸಲು ಬೇರೆ ಕಾರಣವೂ ಇಲ್ಲ.

1950ರಲ್ಲಿ ಅಮೆರಿಕದ ಗಣಿತಜ್ಞರಾದ ಮೆರಿಲ್ ಫ್ಲಡ್ ಮತ್ತು ಮೆಲ್ವಿನ್ ಡ್ರೆಶರ್ ರೂಪಿಸಿದ, ಮುಂದೆ ‘ಕೈದಿಗಳ ಇಕ್ಕಟ್ಟು’ ಎಂದು ಹೆಸರಾದ ಆಟದ್ದೂ ಇದೇ ಲೆಕ್ಕ: ಇನ್ನೊಬ್ಬನ ಮೇಲೆ ಸಾಕ್ಷಿ ಹೇಳುವುದೇ ಒಬ್ಬೊಬ್ಬ ಕೈದಿಗೂ ಲಾಭ, ಇಬ್ಬರೂ ಹೇಳಿದರೆ ಇಬ್ಬರೂ ಬಾಯಿ ಮುಚ್ಚಿಕೊಂಡಿದ್ದುದಕ್ಕಿಂತ ಹೆಚ್ಚು ಶಿಕ್ಷೆ. ಆ ಕಥೆಯ ಕೈದಿಗಳು ಬೇರೆ ಬೇರೆ ಕೋಣೆಗಳಲ್ಲಿರುತ್ತಾರೆ, ಮಾತಾಡುವಂತಿಲ್ಲ. ನಮ್ಮ ರೈತರಾದರೋ ದಿನವೂ ಅರಳಿಕಟ್ಟೆಯಲ್ಲಿ ಸೇರುತ್ತಾರೆ. ಆದರೂ ಕೊರೆಸುವುದಿಲ್ಲವೆಂದು ಕೊಟ್ಟ ಮಾತು ಉಳಿಯುವುದಿಲ್ಲ. ಯಾರು ಎಷ್ಟು ನೀರೆತ್ತಿದರು ಎಂಬುದು ಕಾಣದಿದ್ದರೆ ಕೊಟ್ಟ ಮಾತನ್ನು ನಂಬುವುದು ಹೇಗೆ? ನನ್ನ ಮಟ್ಟಿಗೆ ಇಡೀ ಸಮಸ್ಯೆಯ ಗಂಟು ಇಲ್ಲಿದೆ.

ಹಳೆಯ ಕೆರೆಗಳಲ್ಲಿ ಈ ಗಂಟು ಇರಲಿಲ್ಲ. ತೂಬು ಎತ್ತುವವನು ನೀರುಗಂಟಿ ಒಬ್ಬನೇ, ಯಾರ ಗದ್ದೆಗೆ ಎಷ್ಟು ಹೊತ್ತು ನೀರು ಹೋಯಿತೆಂದು ಊರೇ ನೋಡುತ್ತಿತ್ತು. ಮಹಾರಾಷ್ಟ್ರದ ಹಿವರೆ ಬಜಾರ್ ಎಂಬ ಹಳ್ಳಿ ಅದನ್ನೇ ಅಂತರ್ಜಲಕ್ಕೂ ತಂದಿತು: ಬೇಸಾಯಕ್ಕೆ ಕೊಳವೆಬಾವಿ ನಿಷಿದ್ಧ, ಪ್ರತಿ ವರ್ಷ ಮಳೆ ಅಳೆದು ಗ್ರಾಮಸಭೆಯಲ್ಲಿ ನೀರಿನ ಬಜೆಟ್, ಅದಕ್ಕೆ ತಕ್ಕ ಬೆಳೆ. ತೆರೆದ ಬಾವಿಯ ಮಟ್ಟ ದಾರಿಹೋಕರಿಗೂ ಕಾಣುತ್ತದೆ. ಬಳಸುವವರೇ ನಿಯಮ ಮಾಡಿ, ತಾವೇ ಕಾವಲಿದ್ದರೆ ಸಾಮೂಹಿಕ ಸಂಪತ್ತು ಉಳಿಯಬಲ್ಲದೆಂದು ತೋರಿಸಿದ ಎಲಿನಾರ್ ಆಸ್ಟ್ರಮ್ ಅವರಿಗೆ 2009ರಲ್ಲಿ ಅರ್ಥಶಾಸ್ತ್ರದ ನೊಬೆಲ್ ಬಂತು.

ನಮ್ಮ ರಾಜ್ಯದಲ್ಲೂ 2011ರ ಅಂತರ್ಜಲ ಕಾಯ್ದೆ ಇದೆ, ಅಧಿಸೂಚಿತ ಪ್ರದೇಶಗಳಲ್ಲಿ ಕೊರೆಸಲು ಅನುಮತಿ ಬೇಕು. ಆದರೆ ದೂರದ ಕಚೇರಿಗೆ ಪಕ್ಕದ ತೋಟದವರ ಕಣ್ಣಿಲ್ಲ.

ನೀವೊಬ್ಬರೇ ಕೊರೆಸದೆ ಉಳಿದರೆ ಆ ನೀರು ನೆರೆಯವರ ಪಂಪಿಗೆ ಹೋಗುತ್ತದೆ, ಅಂಥ ತ್ಯಾಗವನ್ನು ನಾನು ಹೇಳಲಾರೆ. ಸುತ್ತಲಿನ ನಾಲ್ಕಾರು ಬಾವಿಗಳ ನೀರಿನ ಮಟ್ಟವನ್ನು ತಿಂಗಳಿಗೊಮ್ಮೆ ಅಳೆದು ಪಂಚಾಯಿತಿಯ ಫಲಕದಲ್ಲಿ ಬರೆಸಿ. ಮಾತುಕತೆ ಆ ಅಂಕಿಗಳನ್ನು ಮುಂದಿಟ್ಟುಕೊಂಡು ನಡೆಯಲಿ.