ಓದುಗರ ಪ್ರಶ್ನೆ: ವಿಝರ್ಡ್ ಎಲ್ಲಾ ಮಾಡುವಾಗ ಫೈಟರ್‌ಗೆ ಏನು ಕೆಲಸ?

ಪ್ರಶ್ನೆ: ಡಂಜನ್ಸ್ ಅಂಡ್ ಡ್ರ್ಯಾಗನ್ಸ್ ಅನ್ನುವ, ಪಾತ್ರ ವಹಿಸಿ ದಾಳ ಹಾಕಿ ಆಡುವ ಆಟದ ನಮ್ಮ ಟೇಬಲ್‌ನಲ್ಲಿ ನಾನು ಫೈಟರ್, ಅಂದರೆ ಯೋಧ. ಮೊದಲ ಕೆಲವು ಲೆವೆಲ್ ಮಜವಾಗಿತ್ತು. ಈಗ ಒಂಬತ್ತಕ್ಕೆ ಬಂದಿದ್ದೇವೆ. ವಿಝರ್ಡ್, ಅಂದರೆ ಮಾಂತ್ರಿಕಳಾಗಿ ಆಡುವ ಗೆಳತಿ ಬೀಗ ತೆಗೀತಾಳೆ, ಹಾರ್ತಾಳೆ, ಮಾಯವಾಗ್ತಾಳೆ, ಇಡೀ ಗುಂಪನ್ನು ಒಂದೇ ಸಲಕ್ಕೆ ಸುಡ್ತಾಳೆ. ನಾನು ಕತ್ತಿ ಬೀಸ್ತೀನಿ, ಅಷ್ಟೇ. ಕ್ಲಾಸ್‌ಗಳ (ಪಾತ್ರದ ವರ್ಗಗಳ) ನಡುವೆ ಬ್ಯಾಲೆನ್ಸ್ ಅಂತ ಒಂದು ಇರಬೇಕಲ್ವಾ? ತಪ್ಪು ನಿಯಮ ಪುಸ್ತಕದ್ದಾ, ಆಟ ನಡೆಸುವ ನಮ್ಮ ಡಿಎಂದಾ?

ಉತ್ತರ: ಇಬ್ಬರದ್ದೂ ಸ್ವಲ್ಪ ಸ್ವಲ್ಪ ಇದೆ. ಆದರೆ ನಾನಾದರೆ ಮೊದಲು ಹಿಡಿದು ವಿಚಾರಿಸುವುದು ನಿಮ್ಮ ಪಾತ್ರಗಳ ನಿದ್ದೆಯನ್ನು.

ನೀವು ಆಡುತ್ತಿರುವುದು 2014ರ ಐದನೇ ಆವೃತ್ತಿ ಅಂತ ಇಟ್ಟುಕೊಳ್ಳುತ್ತೇನೆ. ಲೆಕ್ಕ ಸುಲಭವಾಗಲಿ ಅಂತ ಐದನೇ ಲೆವೆಲ್ ತಗೊಳ್ಳೋಣ. ಫೈಟರ್ ಕೈಯಲ್ಲಿ ಗ್ರೇಟ್‌ಸೋರ್ಡ್, ಸ್ಟ್ರೆಂತ್ 18. ಒಂದು ಏಟಿಗೆ ಆರು ಮುಖದ ಎರಡು ದಾಳ, ಜೊತೆಗೆ ಸ್ಟ್ರೆಂತ್‌ನ 4. ಸರಾಸರಿ 11. ಸರದಿಗೆ ಎರಡು ಏಟು, ಎರಡೂ ಬಿದ್ದರೆ 22. ವಿಝರ್ಡ್ ಫೈರ್‌ಬಾಲ್ ಎಸೆದರೆ ಎಂಟು ದಾಳ, ಸರಾಸರಿ 28. ಅದೂ ಒಬ್ಬನಿಗಲ್ಲ, 20 ಅಡಿ ತ್ರಿಜ್ಯದೊಳಗೆ ಸಿಕ್ಕಿದವರಿಗೆಲ್ಲ. ಸೇವ್ ಮಾಡಿದವರಿಗೆ, ಅಂದರೆ ತಪ್ಪಿಸಿಕೊಳ್ಳಲು ಹಾಕಿದ ದಾಳ ಗೆದ್ದವರಿಗೆ, ಅರ್ಧ. ಮೂವರು ಸಿಕ್ಕಿ ಮೂವರೂ ಸೋತರೆ 84. ಇಷ್ಟೇ ನೋಡಿದರೆ ನಿಮ್ಮ ಗೋಳು ನೂರಕ್ಕೆ ನೂರು ನಿಜ.

ಆದರೆ ಆ ಫೈರ್‌ಬಾಲ್‌ಗೆ ಬೇಕಾದ ಮೂರನೇ ಲೆವೆಲ್ ಸ್ಲಾಟ್ (ಸ್ಪೆಲ್ ಅಂದರೆ ಮಂತ್ರ ಹಾಕಿದಾಗ ಖರ್ಚಾಗುವ ಪಾಲು) ಅವಳ ಹತ್ತಿರ ಇರುವುದು ಎರಡೇ. ಮಧ್ಯೆ ಒಂದು ಗಂಟೆಯ ಶಾರ್ಟ್ ರೆಸ್ಟ್ ಸಿಕ್ಕರೆ ಆರ್ಕೇನ್ ರಿಕವರಿ ಅನ್ನುವ ವಿಝರ್ಡ್ ವಿದ್ಯೆಯಿಂದ ಇನ್ನೊಂದು ವಾಪಸ್ ಬರುತ್ತದೆ. ಅಲ್ಲಿಗೆ ದಿನಕ್ಕೆ ಮೂರು. ಆಮೇಲೆ ಚಿಕ್ಕಪುಟ್ಟ ಸ್ಪೆಲ್‌ಗಳು. ಅವೂ ಮುಗಿದರೆ ಸ್ಲಾಟ್ ಬೇಡದ ಫೈರ್ ಬೋಲ್ಟ್, ಅದರ ಸರಾಸರಿ 11. ನಿಮ್ಮ ಅರ್ಧ.

2014ರ ಡಿಎಂ ಪುಸ್ತಕ ಒಂದು ದಿನಕ್ಕೆ ಲೆಕ್ಕ ಹಾಕಿರುವುದು ಮಧ್ಯಮ ಅಥವಾ ಸ್ವಲ್ಪ ಕಷ್ಟದ ಆರರಿಂದ ಎಂಟು ಮುಖಾಮುಖಿಗಳನ್ನು. ಒಂದೊಂದು ಮೂರು ರೌಂಡ್ ನಡೆದರೂ ಇಪ್ಪತ್ತರ ಹತ್ತಿರ ಬರುತ್ತದೆ. ಅದರಲ್ಲಿ ಮೂರು ರೌಂಡ್ ಅವಳ ಬೆಂಕಿ. ಉಳಿದದ್ದರಲ್ಲಿ ಹೆಚ್ಚಿನ ಭಾರ ಬೀಳುವುದು ಕತ್ತಿಯ ಮೇಲೆ. ಒಂದೇ ಸರದಿಯಲ್ಲಿ ಇನ್ನೊಮ್ಮೆ ಹೊಡೆಯಲು ಬಿಡುವ ನಿಮ್ಮ ಆಕ್ಷನ್ ಸರ್ಜ್ ಒಂದು ಗಂಟೆ ಕೂತರೆ ವಾಪಸ್ ಬರುತ್ತದೆ, ಅವಳ ಫೈರ್‌ಬಾಲ್‌ಗೆ ರಾತ್ರಿ ಪೂರ್ತಿ ನಿದ್ದೆ, ಅಂದರೆ ಲಾಂಗ್ ರೆಸ್ಟ್ ಬೇಕು. ಬ್ಯಾಲೆನ್ಸ್ ಅನ್ನುವುದು ಇರುವುದೇ ಈ ವ್ಯತ್ಯಾಸದಲ್ಲಿ.

ಈಗ ನಿಜ ಹೇಳಿ. ನಿಮ್ಮ ಟೇಬಲ್‌ನಲ್ಲಿ ಒಂದು ದಿನಕ್ಕೆ ಎಷ್ಟು ಜಗಳ? ಭಾನುವಾರ ಮಧ್ಯಾಹ್ನ ಮೂರು ಗಂಟೆ ಬಿಡುವು ಮಾಡಿಕೊಂಡು ಕೂರುವ ಗುಂಪಿಗೆ ಒಂದು ಒಳ್ಳೆ ಕಾದಾಟ ಮುಗಿಸುವಷ್ಟರಲ್ಲಿ ಸಾಕಾಗಿರುತ್ತದೆ. ಆಮೇಲೆ ಪಾತ್ರಗಳು ಮಲಗುತ್ತವೆ. ಮುಂದಿನ ವಾರ ವಿಝರ್ಡ್ ಕೈತುಂಬಾ ಸ್ಲಾಟ್ ಇಟ್ಟುಕೊಂಡು ಎದ್ದು ಬರುತ್ತಾಳೆ. ಹತ್ತು ವಿಕೆಟ್ ಕೈಯಲ್ಲಿದೆ, ಐದೇ ಓವರ್ ಆಡು ಅಂದರೆ ಯಾರಾದರೂ ಪ್ರತಿ ಬಾಲ್‌ಗೂ ಬೀಸದೆ ಇರುತ್ತಾರಾ? ಅವಳು ಮಾಡುತ್ತಿರುವುದೂ ಅದೇ. ಅವಳನ್ನು ಬೈಯುವ ಹಾಗಿಲ್ಲ.

ಇನ್ನೂ ತಮಾಷೆ ಅಂದರೆ, ಆ ನಿದ್ದೆಯ ಕೀಲಿಯೂ ಅವಳ ಹತ್ತಿರವೇ ಇದೆ. ಲಿಯೊಮುಂಡ್ಸ್ ಟೈನಿ ಹಟ್ ಅಂತ ಒಂದು ಸ್ಪೆಲ್. ರಿಚುವಲ್ ಆಗಿ, ಅಂದರೆ ನಿಧಾನವಾಗಿ ವಿಧಿಯಂತೆ ಮಾಡಿದರೆ ಸ್ಲಾಟ್ ಕೂಡ ಖರ್ಚಾಗಲ್ಲ. ಹತ್ತಡಿ ತ್ರಿಜ್ಯದ ಗುಮ್ಮಟ ಎಂಟು ಗಂಟೆ ನಿಲ್ಲುತ್ತದೆ. ಹೊರಗಿನಿಂದ ಬಾಣವೂ ಬರಲ್ಲ, ಸ್ಪೆಲ್ಲೂ ಬರಲ್ಲ. ರಾಕ್ಷಸರ ಕೋಟೆಯ ನಡುಮನೆಯಲ್ಲೇ ಹಾಯಾಗಿ ಗೊರಕೆ ಹೊಡೆಯಬಹುದು.

ಇಲ್ಲಿವರೆಗೆ ಡಿಎಂ ತಪ್ಪು ಅಂದುಕೊಳ್ಳಿ. ಇನ್ನು ಪುಸ್ತಕದ ಸರದಿ. ನೀವು ಹೇಳಿದ್ದರಲ್ಲಿ ಬೀಗ ತೆಗೆಯುವುದು, ಹಾರುವುದು, ಮಾಯವಾಗುವುದು ಯಾವುದೂ ಏಟಿನ ಲೆಕ್ಕಕ್ಕೆ ಬರುವುದಿಲ್ಲ. ದಿನಕ್ಕೆ ಎಂಟು ಜಗಳ ಇಟ್ಟರೂ ಆ ದೂರು ಹಾಗೇ ಉಳಿಯುತ್ತದೆ. ನಿಮ್ಮ ಒಂಬತ್ತನೇ ಲೆವೆಲ್ಲನ್ನೇ ತೆಗೆದು ನೋಡಿ. 2014ರ ಪುಸ್ತಕದಲ್ಲಿ ಫೈಟರ್‌ಗೆ ಆ ಲೆವೆಲ್‌ನಲ್ಲಿ ಸಿಗುವುದು ಇಂಡಾಮಿಟಬಲ್. ಸೇವ್ ತಪ್ಪಿದರೆ ಇನ್ನೊಂದು ಸಲ ದಾಳ ಹಾಕಬಹುದು. ಲಾಂಗ್ ರೆಸ್ಟ್‌ಗೆ ಒಂದೇ ಸಲ. ಎರಡನೇ ಸಲವೂ ತಪ್ಪಿದರೆ ಮುಗೀತು. ಅದೇ ಲೆವೆಲ್‌ನಲ್ಲಿ ವಿಝರ್ಡ್‌ಗೆ ವಾಲ್ ಆಫ್ ಫೋರ್ಸ್ ಸಿಗುತ್ತದೆ. ಕಣ್ಣಿಗೆ ಕಾಣದ ಗೋಡೆ, ಎಷ್ಟು ಹೊಡೆದರೂ ಒಡೆಯಲ್ಲ, ಹತ್ತು ನಿಮಿಷ ನಿಲ್ಲಿಸಿಕೊಳ್ಳಬಹುದು. ಗುಮ್ಮಟದ ಆಕಾರದಲ್ಲಿ ಹಾಕಿ ಎದುರಾಳಿಯನ್ನು ಒಳಗೆ ಕೂಡಿಹಾಕಿದರೆ ಅವನಿಗೆ ಸೇವ್ ಕೂಡ ಇಲ್ಲ. ಎರಡನ್ನೂ ಪಕ್ಕಪಕ್ಕದಲ್ಲಿಟ್ಟು ಯಾರಾದರೂ ಸಮ ಅಂದರೆ ನಗು ಬರುತ್ತದೆ.

ಮೊದಲು ಹೀಗಿರಲಿಲ್ಲ. 1978ರ ಅಡ್ವಾನ್ಸ್‌ಡ್ ಡಿ ಅಂಡ್ ಡಿ ಪುಸ್ತಕದಲ್ಲಿ ಫೈಟರ್ ಒಂಬತ್ತನೇ ಲೆವೆಲ್‌ಗೆ ಬಂದರೆ 'ಲಾರ್ಡ್'. ಕೋಟೆ ಕಟ್ಟಿ ಸುತ್ತಲಿನ ನೆಲ ಹಿಡಿದರೆ ಸೈನಿಕರ ದಂಡು ತಾನಾಗಿ ಅವನನ್ನು ಹುಡುಕಿಕೊಂಡು ಬರುತ್ತಿತ್ತು, ಜನ ಕಂದಾಯ ಕಟ್ಟುತ್ತಿದ್ದರು. ಕತ್ತಿ ಹಿಡಿದವನ ಶಕ್ತಿ ಅಂದರೆ ಬರೀ ಏಟಲ್ಲ, ಅವನ ಹಿಂದೆ ನಿಲ್ಲುವ ಜನ. ಆ ದಂಡು ಹೋಗಿ, ಅದೇ ಜಾಗಕ್ಕೆ ಇನ್ನೊಂದು ಸಲ ಹಾಕುವ ದಾಳ ಬಂದು ಕೂತಿದೆ. ನನ್ನ ಪ್ರಕಾರ ಫೈಟರ್‌ಗೆ ಆದ ದೊಡ್ಡ ಅನ್ಯಾಯ ಇದೇ.

ವಿಝರ್ಡ್ ಕಡೆಯಿಂದಲೂ ಕಡಿವಾಣ ಒಂದೊಂದಾಗಿ ಬಿಚ್ಚಿಕೊಂಡಿತು. 1974ರಲ್ಲಿ ಗ್ಯಾರಿ ಗೈಗ್ಯಾಕ್ಸ್ ಮತ್ತು ಡೇವ್ ಆರ್ನೆಸನ್ ಆಟವನ್ನು ಹೊರತಂದಾಗ ಇದ್ದದ್ದು ಮೂರೇ ಕ್ಲಾಸ್: ಫೈಟಿಂಗ್-ಮ್ಯಾನ್, ಮ್ಯಾಜಿಕ್-ಯೂಸರ್, ಕ್ಲೆರಿಕ್. ಮೊದಲ ಲೆವೆಲ್‌ನ ಮ್ಯಾಜಿಕ್-ಯೂಸರ್‌ಗೆ ದಿನಕ್ಕೆ ಒಂದೇ ಸ್ಪೆಲ್. 1981ರ ಬೇಸಿಕ್ ನಿಯಮದಲ್ಲಿ ಎರಡನೇ ಲೆವೆಲ್‌ಗೆ ಏರಲು ಥೀಫ್‌ಗೆ 1200 ಅನುಭವ ಅಂಕ ಸಾಕು, ಫೈಟರ್‌ಗೆ 2000, ಮ್ಯಾಜಿಕ್-ಯೂಸರ್‌ಗೆ 2500, ಕತ್ತಿ, ಮಂತ್ರ ಎರಡೂ ಬಲ್ಲ ಎಲ್ಫ್‌ಗೆ 4000. ಜಾಸ್ತಿ ಶಕ್ತಿ ಬೇಕಾ, ನಿಧಾನಕ್ಕೆ ಏರು. ಅಡ್ವಾನ್ಸ್‌ಡ್ ನಿಯಮದಲ್ಲಂತೂ ಸ್ಪೆಲ್ ಹೇಳುವಾಗ ಒಂದು ಏಟು ಬಿದ್ದರೆ ಆ ಸ್ಪೆಲ್ ಹಾಳು. ಮೇಲಿನ ಲೆವೆಲ್‌ಗಳಲ್ಲಿ ಒಳ್ಳೆಯ ಸೇವ್ ಇರುತ್ತಿದ್ದದ್ದು ಫೈಟರ್‌ಗೇ. ಅಂದರೆ ಅಲ್ಲಿ ಬ್ಯಾಲೆನ್ಸ್ ಒಂದು ಜಗಳದೊಳಗೆ ಇರಲಿಲ್ಲ. ಮೊದಲು ನೀನು ಅವಳನ್ನು ಕಾಪಾಡು, ಮುಂದೆ ಅವಳು ನಿನ್ನನ್ನು ಕಾಪಾಡುತ್ತಾಳೆ ಅನ್ನುವ ಒಪ್ಪಂದ. ಅವಳು ಅಲ್ಲಿವರೆಗೆ ಬದುಕಿದ್ದರೆ, ಅಷ್ಟೇ.

2000ದ ಮೂರನೇ ಆವೃತ್ತಿ ಎಲ್ಲರಿಗೂ ಒಂದೇ ಅನುಭವ ಪಟ್ಟಿ ಕೊಟ್ಟಿತು. ಶತ್ರು ಪಕ್ಕದಲ್ಲಿದ್ದರೂ ಹುಷಾರಾಗಿ ಸ್ಪೆಲ್ ಹೇಳುವ ದಾರಿ ಕೊಟ್ಟಿತು. ವಿಝರ್ಡ್‌ಗೆ ಮೊದಲ ಲೆವೆಲ್‌ನಿಂದಲೇ ಸ್ಕ್ರೋಲ್ (ಸ್ಪೆಲ್ ಬರೆದಿಟ್ಟ ಸುರುಳಿ) ಬರೆಯುವ ವಿದ್ಯೆ ಉಚಿತ. ಮನಸ್ಸಿನ ಮೇಲೆ ಬೀಳುವ ಮಾಯೆ ತಡೆಯುವ ಫೈಟರ್‌ನ ವಿಲ್ ಸೇವ್ ಕೆಳಗೆ ಬಿತ್ತು. ಒಂದೊಂದೂ ಬಿಡಿಯಾಗಿ ನೋಡಿದರೆ ಸರಿಯೇ, ಆಟ ಸಲೀಸಾಯಿತು. ಎಲ್ಲಾ ಸೇರಿದಾಗ ವಿಝರ್ಡ್‌ಗೆ ಮೂಗುದಾರವೇ ಇಲ್ಲದಂತಾಯಿತು. ಆ ಆವೃತ್ತಿಯ ಮುಖ್ಯ ವಿನ್ಯಾಸಕ ಜೊನಾಥನ್ ಟ್ವೀಟ್. ಇದೇ ಟ್ವೀಟ್ 1987ರಲ್ಲಿ ಮಾರ್ಕ್ ರೈನ್-ಹೇಗನ್ ಜೊತೆ ಸೇರಿ ಆರ್ಸ್ ಮ್ಯಾಜಿಕಾ ಅನ್ನುವ ಆಟ ಮಾಡಿದ್ದರು. ಅದರಲ್ಲಿ ಮಾಂತ್ರಿಕರು ಮಿಕ್ಕವರಿಗಿಂತ ಬಲಶಾಲಿಗಳು ಅಂತ ನೇರವಾಗಿ ಒಪ್ಪಿಕೊಂಡೇ ಆಡುವುದು. ಒಬ್ಬೊಬ್ಬ ಆಟಗಾರನಿಗೂ ಒಬ್ಬ ಮಾಂತ್ರಿಕ, ಒಬ್ಬ ಸಂಗಡಿಗ, ಜೊತೆಗೆ ಎಲ್ಲರಿಗೂ ಸೇರಿದ ಸಿಪಾಯಿಗಳು. ಈ ಸಲ ನೀನು ಮಾಂತ್ರಿಕ, ಮುಂದಿನ ಸಲ ನಾನು. ಅಸಮಾನತೆ ಇದೆ, ಆದರೆ ಅದು ಯಾವ ಒಬ್ಬನ ತಲೆಗೂ ಕಟ್ಟಿಲ್ಲ.

2008ರ ನಾಲ್ಕನೇ ಆವೃತ್ತಿ ಸಮಸ್ಯೆಯನ್ನು ನಿಜಕ್ಕೂ ಬಗೆಹರಿಸಿತು. ಎಲ್ಲಾ ಕ್ಲಾಸ್‌ಗೂ ಒಂದೇ ಅಚ್ಚು: ಯಾವಾಗ ಬೇಕಾದರೂ ಬಳಸುವ ಪವರ್, ಜಗಳಕ್ಕೊಮ್ಮೆ ಬಳಸುವುದು, ದಿನಕ್ಕೊಮ್ಮೆ ಬಳಸುವುದು. ಫೈಟರ್ ಒಬ್ಬ ಶತ್ರುವನ್ನು ಗುರುತು ಮಾಡಿಕೊಂಡು, ಅವನು ಬೇರೆಯವರ ಮೇಲೆ ತಿರುಗಿದರೆ ಬುದ್ಧಿ ಕಲಿಸುತ್ತಿದ್ದ. ನನಗೆ ಆ ಫೈಟರ್ ತುಂಬಾ ಇಷ್ಟ. ಆದರೆ ಎಲ್ಲರೂ ಒಂದೇ ಥರ ಇದ್ದಾರಲ್ಲ ಅಂತ ಬಹಳ ಜನ ಮುಖ ತಿರುಗಿಸಿದರು. 2009ರಲ್ಲಿ ಪೈಜೊ ಕಂಪನಿ ಮೂರನೇ ಆವೃತ್ತಿಯ ದಾರಿಯನ್ನೇ ಮುಂದುವರಿಸಿ ಪಾತ್‌ಫೈಂಡರ್ ತಂದಾಗ ಅದಕ್ಕೆ ಜನ ಸೇರಿದ್ದಕ್ಕೆ ಇದೂ ಒಂದು ಕಾರಣ. ಸಮಾನತೆ ಕೇಳುವವರಿಗೆಲ್ಲ ಸಮಾನತೆಯೇ ಬೇಕಾಗಿರಲ್ಲ. ನಿಮಗೂ ಅಷ್ಟೇ ಅನಿಸುತ್ತದೆ. ನಿಮಗೆ ಬೇಕಾಗಿರುವುದು ನೀವು ಕೈ ಎತ್ತಿದಾಗ ಎಲ್ಲರೂ ನಿಮ್ಮ ಕಡೆ ನೋಡುವ ಹೊತ್ತು.

ಹಾಗಾದರೆ ಏನು ಮಾಡಬಹುದು? ವಿಝರ್ಡ್‌ನ ಸ್ಪೆಲ್ ಕಿತ್ತುಕೊಳ್ಳಬೇಡಿ, ಮನಸ್ತಾಪ ಗ್ಯಾರಂಟಿ. ಮೊದಲು ಇರುವ ನಿಯಮವನ್ನೇ ಸರಿಯಾಗಿ ಬಳಸಿ. ಬೀಗ ತೆಗೆಯುವ ನಾಕ್ ಸ್ಪೆಲ್ ಐದನೇ ಆವೃತ್ತಿಯಲ್ಲಿ 300 ಅಡಿವರೆಗೆ ಕೇಳುವ ಹಾಗೆ ಢಣ್ ಅನ್ನುತ್ತದೆ. ಕಾವಲುಗಾರರು ಓಡಿ ಬರಬೇಕು. ಎಷ್ಟು ಡಿಎಂಗಳು ಇದನ್ನು ಮರೆಯುತ್ತಾರೋ! ಟೈನಿ ಹಟ್ ಒಳಗೆ ಮಲಗಿದ ಎಂಟು ಗಂಟೆಯಲ್ಲಿ ಶತ್ರುಗಳು ಸುಮ್ನೆ ಕೂತಿರಬೇಕು ಅಂತ ಎಲ್ಲೂ ಬರೆದಿಲ್ಲ. ಬೆಳಗ್ಗೆ ಎದ್ದರೆ ಸುತ್ತ ಬಿಲ್ಲುಗಾರರು ಕಾದಿರಬಹುದು, ಮಾಯೆ ಅಳಿಸುವ ಡಿಸ್ಪೆಲ್ ಮ್ಯಾಜಿಕ್ ಬಲ್ಲವನೊಬ್ಬ ರಾತ್ರಿಯೇ ಬಂದಿರಬಹುದು.

ಆಮೇಲೆ ನಿಮ್ಮ ದಂಡು. ಲಾರ್ಡ್ ಪದವಿ ಈಗಿನ ಪುಸ್ತಕದಲ್ಲಿ ಇಲ್ಲದಿದ್ದರೇನು, ಕತೆಯೊಳಗೆ ಕೊಡಲು ಡಿಎಂಗೆ ಅಡ್ಡಿ ಇಲ್ಲ. ಗಡಿ ಕೋಟೆಯ ಇಪ್ಪತ್ತು ಜನ ನಿಮ್ಮ ಮಾತು ಕೇಳುತ್ತಾರೆ ಅಂದರೆ ಸೇತುವೆ ಹಿಡಿಯುವುದು, ಸುದ್ದಿ ತರಿಸುವುದು, ಊರು ಕಾಯುವುದು ನಿಮ್ಮ ಕೈಗೆ ಬಂತು. 2024ರ ಹೊಸ ಪುಸ್ತಕ ಇದ್ದರೆ ಅದರ ಟ್ಯಾಕ್ಟಿಕಲ್ ಮೈಂಡ್ ಕೂಡ ನೋಡಿ. ಸುಧಾರಿಸಿಕೊಳ್ಳಲು ಇರುವ ಸೆಕೆಂಡ್ ವಿಂಡ್ ಖರ್ಚು ಮಾಡಿ, ತಪ್ಪಿದ ಎಬಿಲಿಟಿ ಚೆಕ್‌ಗೆ (ಹತ್ತುವುದು, ಹುಡುಕುವುದರಂಥ ಕೆಲಸಕ್ಕೆ ಹಾಕುವ ದಾಳಕ್ಕೆ) ಹತ್ತು ಮುಖದ ದಾಳ ಸೇರಿಸಬಹುದು. ಜಗಳದ ಆಚೆಗೆ ಫೈಟರ್‌ಗೆ ಸಿಕ್ಕ ಚಿಕ್ಕದಾದರೂ ನಿಜವಾದ ಸಹಾಯ.

ಮೂರು ಗಂಟೆಯ ಟೇಬಲ್‌ಗೆ ಎಲ್ಲಕ್ಕಿಂತ ಕೆಲಸ ಮಾಡುವುದು ಮಾತ್ರ ಬೇರೆ. 2014ರ ಡಿಎಂ ಪುಸ್ತಕದಲ್ಲೇ ಗ್ರಿಟಿ ರಿಯಲಿಸಮ್ ಅನ್ನುವ ಐಚ್ಛಿಕ ನಿಯಮ ಇದೆ. ಶಾರ್ಟ್ ರೆಸ್ಟ್‌ಗೆ ಎಂಟು ಗಂಟೆ, ಲಾಂಗ್ ರೆಸ್ಟ್‌ಗೆ ಏಳು ದಿನ. ಆಗ ನೀವು ವಾರವಾರ ಆಡುವ ಒಂದೊಂದು ಜಗಳವೂ ಒಂದೇ ಲಾಂಗ್ ರೆಸ್ಟ್‌ನ ಲೆಕ್ಕಕ್ಕೆ ಸೇರುತ್ತದೆ. ಟೈನಿ ಹಟ್ ಕೊಡುವುದು ಬರೀ ಶಾರ್ಟ್ ರೆಸ್ಟ್. ಆದರೆ ಇದನ್ನು ತರುವ ಮೊದಲು ಗೆಳತಿಗೆ ಹೇಳಿ, ಸ್ಪೆಲ್ ಬದಲಿಸಿಕೊಳ್ಳಲು ಬಿಡಿ. ಮೈಗೆ ರಕ್ಷಣೆ ಕೊಡುವ ಮೇಜ್ ಆರ್ಮರ್‌ನಂಥ ಎಂಟು ಗಂಟೆಯ ಸ್ಪೆಲ್‌ಗಳಿಗೆ ಈ ನಿಯಮದಿಂದ ಜೋರು ಪೆಟ್ಟು ಬೀಳುತ್ತದೆ. ಅವುಗಳ ಅವಧಿಯನ್ನು ಒಂದೆರಡು ದಿನಕ್ಕೆ ಎಳೆದರೆ ಅವಳಿಗೂ ಅನ್ಯಾಯ ಆಗಲ್ಲ.