ರಿಕಾಯಿಲ್: ದೊಡ್ಡ ಬೇಟೆ ರೈಫಲ್‌ಗಳ ಒದೆತವನ್ನು ನಿಭಾಯಿಸುವ ಬಗೆ

ಗುಂಡು ನಳಿಗೆಯಲ್ಲಿ ಮುಂದಕ್ಕೆ ಹೊರಟಾಗ ರೈಫಲ್ ಹಿಂದಕ್ಕೆ ಸರಿದು ಹೆಗಲಿಗೆ ಗುದ್ದುತ್ತದೆ. ಇದೇ ರಿಕಾಯಿಲ್. ಕೋವಿ ಬಳಕೆಯಿರುವ ಕೊಡಗು, ಮಲೆನಾಡಿನ ಮನೆಗಳಲ್ಲಿ ‘ಕೋವಿ ಒದೆಯುತ್ತದೆ’ ಎನ್ನುವುದು ಇದನ್ನೇ. ಭಾರತದಲ್ಲಿ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯಡಿ ಬೇಟೆ ನಿಷಿದ್ಧ. ಹಾಗಾಗಿ ಇಲ್ಲಿಯ ಉದಾಹರಣೆಗಳೆಲ್ಲ ಆಫ್ರಿಕಾದ ದಕ್ಷಿಣ ಭಾಗದವು. ಅಲ್ಲಿನ ಹಲವು ದೇಶಗಳಲ್ಲಿ ಪರವಾನಗಿ ಪಡೆದು ಕಾಡೆಮ್ಮೆಯಂಥ ಅಪಾಯಕಾರಿ ಪ್ರಾಣಿಯ ಬೇಟೆಗೆ ಹೋಗುವವರ ಕೈಯಲ್ಲಿ .375 ಕ್ಯಾಲಿಬರ್ (ಇಂಚಿನಲ್ಲಿ ನಳಿಗೆಯ ಒಳಅಗಲ) ಅಥವಾ ಅದಕ್ಕಿಂತ ದೊಡ್ಡ ರೈಫಲ್ ಇರಬೇಕೆಂಬ ನಿಯಮವೋ ರೂಢಿಯೋ ಇದೆ.

ಒದೆತದ ಲೆಕ್ಕ ಕಷ್ಟದ್ದಲ್ಲ. ಗುಂಡಿನ ತೂಕವನ್ನು ಅದರ ವೇಗದಿಂದ ಗುಣಿಸಬೇಕು. ಮದ್ದಿನ ತೂಕವನ್ನು ನಳಿಗೆಯಿಂದ ಹೊರನುಗ್ಗುವ ಅನಿಲದ ವೇಗದಿಂದ ಗುಣಿಸಬೇಕು. ಈ ವೇಗವನ್ನು ಸಾಮಾನ್ಯವಾಗಿ ಸೆಕೆಂಡಿಗೆ 1,220 ಮೀಟರ್ ಎಂದು ಹಿಡಿಯುತ್ತಾರೆ. ಎರಡನ್ನೂ ಕೂಡಿಸಿ ರೈಫಲ್ಲಿನ ತೂಕದಿಂದ ಭಾಗಿಸಿದರೆ ರೈಫಲ್ ಹಿಂದಕ್ಕೆ ಬರುವ ವೇಗ ಸಿಗುತ್ತದೆ. 1912ರಲ್ಲಿ ಹಾಲೆಂಡ್ ಅಂಡ್ ಹಾಲೆಂಡ್ ಕಂಪನಿ ಹೊರತಂದ .375 ಎಚ್ ಅಂಡ್ ಎಚ್ ಮ್ಯಾಗ್ನಮ್ ತೋಟಾವನ್ನೇ ತೆಗೆದುಕೊಳ್ಳಿ. 19.4 ಗ್ರಾಂ ಗುಂಡು, ಸೆಕೆಂಡಿಗೆ 770 ಮೀಟರ್ ವೇಗ, ಸುಮಾರು 4.8 ಗ್ರಾಂ ಮದ್ದು, 4.1 ಕಿಲೋ ರೈಫಲ್. ರೈಫಲ್ ಸೆಕೆಂಡಿಗೆ 5 ಮೀಟರ್ ವೇಗದಲ್ಲಿ, 53 ಜೂಲ್ ಶಕ್ತಿಯೊಂದಿಗೆ ಹೆಗಲಿಗೆ ಬರುತ್ತದೆ. ಜಿಂಕೆ ಬೇಟೆಗೆ ಬಳಸುವ .308 ರೈಫಲ್ಲಿನಲ್ಲಿ ಈ ಲೆಕ್ಕ ಸುಮಾರು 20 ಜೂಲ್. 32 ಗ್ರಾಂ ಚರೆ ಹಾಕಿದ ಹಗುರವಾದ 12 ಬೋರ್ ಕೋವಿಯಲ್ಲಿ 30ರ ಆಸುಪಾಸು. .458 ವಿಂಚೆಸ್ಟರ್ ಮ್ಯಾಗ್ನಮ್‌ಗೆ ಬಂದರೆ 84 ಜೂಲ್ ದಾಟುತ್ತದೆ.

ಇದು ಕಾಗದದ ಮೇಲಿನ ಒದೆತ. ಮೈಗೆ ತಿಳಿಯುವ ಒದೆತ ಬೇರೆ. ಒಂದೇ ಶಕ್ತಿ ನಿಧಾನವಾಗಿ ಬಂದರೆ ತಳ್ಳಿದಂತೆ, ಬೇಗ ಬಂದರೆ ಗುದ್ದಿದಂತೆ ಅನಿಸುತ್ತದೆ. 5 ಕಿಲೋ ತೂಗುವ .470 ನೈಟ್ರೊ ಎಕ್ಸ್‌ಪ್ರೆಸ್ ಜೋಡುನಳಿಗೆ ರೈಫಲ್ಲಿನ ಒದೆತ ಜೂಲ್ ಲೆಕ್ಕದಲ್ಲಿ .458ಕ್ಕಿಂತ ಕಡಿಮೆಯೇನಲ್ಲ. ಆದರೂ ಅದು ಹಿಂದೆ ಬರುವ ವೇಗ ಕಡಿಮೆಯಾದ್ದರಿಂದ ಹಲವರು ಅದನ್ನೇ ಮೆತ್ತಗಿನದು ಎನ್ನುತ್ತಾರೆ. ಸ್ಟಾಕಿನ, ಅಂದರೆ ಹೆಗಲಿಗೆ ಆನಿಸುವ ಹಿಡಿಭಾಗದ, ಆಕಾರವೂ ಮುಖ್ಯ. ಸ್ಟಾಕಿನ ಹಿಂತುದಿ ನಳಿಗೆಯ ಗೆರೆಗಿಂತ ಬಹಳ ಕೆಳಗಿದ್ದರೆ ನಳಿಗೆಯ ಮೂತಿ ಮೇಲಕ್ಕೆ ಜಿಗಿಯುತ್ತದೆ, ಸ್ಟಾಕಿನ ಮೇಲಂಚು ಕೆನ್ನೆಗೆ ಹೊಡೆಯುತ್ತದೆ. ಸ್ಟಾಕ್ ನೆಟ್ಟಗಿದ್ದರೆ ಒದೆತ ನೇರವಾಗಿ ಹಿಂದಕ್ಕೆ ಬರುತ್ತದೆ, ಕೆನ್ನೆ ಉಳಿಯುತ್ತದೆ.

ಈ ವಿಷಯದಲ್ಲಿ ಎಲ್ಲಕ್ಕಿಂತ ಮೊದಲು ಮನಸ್ಸಿಗೆ ಹೋಗಬೇಕಾದ ಸಂಗತಿ ಇದು: .375ರ ಗುಂಡು 60 ಸೆಂಟಿಮೀಟರ್ ನಳಿಗೆ ದಾಟಿ ಹೊರಬೀಳುವ ಹೊತ್ತಿಗೆ ರೈಫಲ್ ಹಿಂದೆ ಸರಿದಿರುವುದು ಹೆಚ್ಚೆಂದರೆ 3 ಮಿಲಿಮೀಟರ್. ಅಷ್ಟು ಆಗುವುದಕ್ಕೆ ಸೆಕೆಂಡಿನ ಐನೂರನೇ ಒಂದು ಭಾಗವೂ ಬೇಕಿಲ್ಲ. ಹೆಗಲಿಗೆ ನಿಜವಾದ ಏಟು ಬೀಳುವಾಗ ಗುಂಡು ಆಗಲೇ ಹೋಗಿಯಾಗಿದೆ. ಅಂದರೆ ಗುರಿ ತಪ್ಪಿಸುವುದು ಬಹುಪಾಲು ಒದೆತವಲ್ಲ, ಒದೆತ ಬರುತ್ತದೆಂಬ ಅಂಜಿಕೆ. ಟ್ರಿಗರ್ ಎಳೆಯುವ ಮುಂಚಿನ ಕ್ಷಣದಲ್ಲಿ ಕಣ್ಣು ಮುಚ್ಚುತ್ತದೆ, ಹೆಗಲು ಮುಂದಕ್ಕೆ ನೂಕುತ್ತದೆ, ಕೈ ಮೂತಿಯನ್ನು ಕೆಳಗೊತ್ತುತ್ತದೆ. ಇದನ್ನು ‘ಫ್ಲಿಂಚ್’ ಎನ್ನುತ್ತಾರೆ. ಗಾಯಗೊಂಡ ಕಾಡೆಮ್ಮೆ ಪೊದೆಗೆ ನುಗ್ಗುವುದು, ಅದರ ಜಾಡು ಹಿಡಿದು ಹೋಗುವ ಮಾರ್ಗದರ್ಶಕನ ಜೀವಕ್ಕೆ ಕುತ್ತು ಬರುವುದು ಇಂಥ ಒಂದು ಬೆಚ್ಚುವಿಕೆಯಿಂದಲೂ ಆಗಬಹುದು. ಆದ್ದರಿಂದ ಒದೆತವನ್ನು ನಿಭಾಯಿಸುವುದೆಂದರೆ ತೋಳ್ಬಲದಿಂದ ಅದನ್ನು ತಡೆಯುವುದಲ್ಲ. ಮೈ ಬೆಚ್ಚದಷ್ಟು ಮಟ್ಟಿಗೆ ಅದನ್ನು ಹಂಚಿ, ತಗ್ಗಿಸಿಕೊಳ್ಳುವುದು.

ನಿಲುವಿನಿಂದ ಶುರುಮಾಡೋಣ. ಬಲಗೈಯವರು ಎಡಗಾಲನ್ನು ಮುಂದಿಟ್ಟು, ಪಾದಗಳನ್ನು ಹೆಗಲಗಲಕ್ಕೆ ಬಿಟ್ಟು, ಮೈಭಾರವನ್ನು ಮುಂಗಾಲಿನ ಮೇಲೆ ಹಾಕಿ ಸೊಂಟದಿಂದ ಸ್ವಲ್ಪ ಮುಂದಕ್ಕೆ ಬಾಗಬೇಕು. ಹಿಂದಕ್ಕೆ ವಾಲಿ ನಿಂತವರು ಎರಡು ಹೆಜ್ಜೆ ಹಿಂದೆ ಹೋಗುವುದು ಖಂಡಿತ. ಬಲ ಮೊಣಕೈಯನ್ನು ಪಕ್ಕಕ್ಕೆ ಎತ್ತಿದರೆ ಹೆಗಲ ಕೀಲಿಗೂ ಕೊರಳೆಲುಬಿಗೂ ನಡುವೆ ಮಾಂಸದ ಗುಳಿಯೊಂದು ಮೂಡುತ್ತದೆ. ರೈಫಲ್ಲಿನ ಹಿಂತುದಿ ಪೂರ್ತಿಯಾಗಿ ಅಲ್ಲಿ ಕೂರಬೇಕು. ಅರ್ಧ ಹೆಗಲ ಮೇಲೆ ಚಾಚಿಕೊಂಡಿದ್ದರೆ ಅದೇ ಏಟು ಅರ್ಧ ಜಾಗಕ್ಕೆ ಬೀಳುತ್ತದೆ, ನೋವು ಹೆಚ್ಚುತ್ತದೆ. ತೋಳಿನ ಕಡೆ ಜಾರಿದ್ದರೆ ರಟ್ಟೆ ನೀಲಿಗಟ್ಟುತ್ತದೆ.

ಕೈಹಿಡಿತ ಬಿಗಿಯಾಗಿರಬೇಕು. ಸಣ್ಣ ರೈಫಲ್ ಕಲಿಸುವವರು ‘ಎಡಗೈ ಸಡಿಲ ಬಿಡು’ ಎನ್ನುವುದುಂಟು. .375ರಿಂದ ಮೇಲಕ್ಕೆ ಆ ಮಾತು ನಡೆಯದು. ಎಡಗೈ ಮುಂಗಟ್ಟನ್ನು (ನಳಿಗೆಯ ಕೆಳಗಿನ ಹಿಡಿ) ಗಟ್ಟಿಯಾಗಿ ಹಿಡಿದು ಹೆಗಲ ಕಡೆಗೆ ಎಳೆಯುತ್ತಿರಬೇಕು. ಬಲಗೈಯ ಕೊನೆಯ ಮೂರು ಬೆರಳೂ ಅಷ್ಟೇ. ರೈಫಲ್ಲಿಗೂ ಹೆಗಲಿಗೂ ನಡುವೆ ಒಂದು ಬೆರಳಷ್ಟು ಸಂದಿ ಉಳಿದರೂ ರೈಫಲ್ ಅಷ್ಟು ದೂರ ವೇಗವಾಗಿ ಬಂದು ಬಡಿಯುತ್ತದೆ. ಸಂದಿಯಿಲ್ಲದಿದ್ದರೆ ಇಡೀ ಮೈ ರೈಫಲ್ಲಿನ ಜೊತೆ ಹಿಂದಕ್ಕೆ ತೂಗುತ್ತದೆ. ಕೆನ್ನೆಯನ್ನೂ ಸ್ಟಾಕಿಗೆ ಒತ್ತಿಯೇ ಇಡಬೇಕು. ಹೆದರಿ ಮುಖ ಎತ್ತಿಕೊಂಡವರಿಗೇ ಏಟು ಬೀಳುವುದು. ನಾಲಗೆ ಹಲ್ಲಿನ ನಡುವೆ ಇರಬಾರದು. ಬಲಗೈ ಹೆಬ್ಬೆರಳು ಮೂಗಿನ ಹತ್ತಿರ ಇರಬಾರದು.

ರೈಫಲ್ ಮೇಲಿನ ದೂರದರ್ಶಕದ, ಅಂದರೆ ಸ್ಕೋಪಿನ, ವಿಷಯದಲ್ಲಿ ರಾಜಿ ಬೇಡ. ಕಣ್ಣಿಗೂ ಸ್ಕೋಪಿಗೂ ನಡುವೆ 9ರಿಂದ 10 ಸೆಂಟಿಮೀಟರ್ ಅಂತರ ಸಿಗಲೇಬೇಕು. ಕಡಿಮೆಯಾದರೆ ಸ್ಕೋಪಿನ ಅಂಚು ಹುಬ್ಬಿನ ಮೇಲೆ ಅರ್ಧಚಂದ್ರಾಕಾರದ ಗಾಯ ಮಾಡುತ್ತದೆ. ಏರಿನಲ್ಲಿ ಮೇಲ್ಮುಖವಾಗಿ ಹೊಡೆಯುವಾಗ ತಲೆ ತಾನಾಗಿ ಮುಂದಕ್ಕೆ ಜಾರುವುದರಿಂದ ಇದು ಹೆಚ್ಚು. ದಟ್ಟ ಪೊದೆಯಲ್ಲಿ ಹತ್ತಿರದಿಂದ ಹೊಡೆಯುವ ರೈಫಲ್ಲಿಗೆ 1ರಿಂದ 4 ಪಟ್ಟು ಹಿಗ್ಗಿಸುವ ಚಿಕ್ಕ ಸ್ಕೋಪ್ ಸಾಕು. ಅದು ಹಗುರವೂ ಆದ್ದರಿಂದ ಒದೆತಕ್ಕೆ ಅದನ್ನು ಹಿಡಿದಿರುವ ತಿರುಪುಗಳು ಸಡಿಲವಾಗುವುದೂ ಕಡಿಮೆ.

ಈಗ ರೈಫಲ್ಲಿಗೆ ಬರೋಣ. ಒದೆತ ತಗ್ಗಿಸಲು ತೂಕದಷ್ಟು ನಂಬಬಹುದಾದ ಉಪಾಯ ಇನ್ನೊಂದಿಲ್ಲ. ಮೇಲೆ ಹೇಳಿದ .375 ತೋಟಾವನ್ನೇ 3.4 ಕಿಲೋ ರೈಫಲ್ಲಿನಲ್ಲಿ ಹಾರಿಸಿದರೆ 64 ಜೂಲ್, 4.7 ಕಿಲೋದಲ್ಲಿ 46. ಬೆಟ್ಟ ಹತ್ತಲು ಸುಲಭವೆಂದು ಹಗುರ ರೈಫಲ್ಲನ್ನು ದೊಡ್ಡ ಕ್ಯಾಲಿಬರಿನಲ್ಲಿ ಕೊಳ್ಳುವುದು ದುಡ್ಡು ಕೊಟ್ಟು ಅಂಜಿಕೆ ಕಲಿತಂತೆ. ಸ್ಟಾಕಿನೊಳಗೆ ಕೂರಿಸುವ ಪಾದರಸದ ಕೊಳವೆಗಳೂ ಬಹುಮಟ್ಟಿಗೆ ತಮ್ಮ ತೂಕದಿಂದಲೇ ಕೆಲಸ ಮಾಡುತ್ತವೆ.

ಹಿಂತುದಿಯ ರಬ್ಬರ್ ಪ್ಯಾಡ್ 25 ಮಿಲಿಮೀಟರ್ ದಪ್ಪದ ಮೆತ್ತನೆಯದಾಗಿರಲಿ. ಅದು ಒದೆತದ ಹೊತ್ತನ್ನು ಹಿಗ್ಗಿಸುತ್ತದೆ, ಜಾಗವನ್ನೂ ಅಗಲಿಸುತ್ತದೆ. ವರ್ಷಗಳು ಕಳೆದಂತೆ ರಬ್ಬರ್ ಗಟ್ಟಿಯಾಗುತ್ತದೆ. ಹೆಬ್ಬೆರಳಿನಿಂದ ಒತ್ತಿದರೆ ಕುಗ್ಗದ ಪ್ಯಾಡನ್ನು ಬದಲಿಸಿ. ದಪ್ಪ ಪ್ಯಾಡ್ ಹಾಕಿದಾಗ ಟ್ರಿಗರಿನಿಂದ ಹಿಂತುದಿಯವರೆಗಿನ ಉದ್ದ ಹೆಚ್ಚುವುದರಿಂದ ಅಷ್ಟು ಮರ ಕತ್ತರಿಸಬೇಕಾಗುತ್ತದೆ. ಸಾಮಾನ್ಯ ಮೈಕಟ್ಟಿಗೆ ಈ ಉದ್ದ 34 ಸೆಂಟಿಮೀಟರ್ ಆಸುಪಾಸು. ಉದ್ದವಾದರೆ ರೈಫಲ್ ತೋಳಿನತ್ತ ಜಾರುತ್ತದೆ, ಗಿಡ್ಡವಾದರೆ ಹೆಬ್ಬೆರಳು ಮೂಗಿಗೆ ಬಡಿಯುತ್ತದೆ.

ಮಜಲ್ ಬ್ರೇಕ್ ಎಂಬ ತೂತುಗಳ ಮೂತಿ ಅನಿಲವನ್ನು ಪಕ್ಕಕ್ಕೂ ಹಿಂದಕ್ಕೂ ತಿರುಗಿಸಿ ಒದೆತವನ್ನು ಮೂರನೇ ಒಂದು ಭಾಗದಿಂದ ಅರ್ಧದವರೆಗೆ ಇಳಿಸುತ್ತದೆ. ಆದರೂ ಬೇಟೆಯಲ್ಲಿ ಅದನ್ನು ಬಳಸಬಾರದೆಂಬುದೇ ನಮ್ಮ ಅಭಿಪ್ರಾಯ. ದೊಡ್ಡ ರೈಫಲ್ಲಿನ ಸದ್ದು ಬರಿಗಿವಿಗೆ ಮೊದಲೇ ಅಪಾಯದ 140 ಡೆಸಿಬೆಲ್ ಮೀರಿರುತ್ತದೆ. ಬ್ರೇಕ್ ಆ ಸದ್ದನ್ನು ಪಕ್ಕದಲ್ಲಿ ನಿಂತ ಜಾಡುಗಾರನ ಕಿವಿಗೆ ತಿರುಗಿಸುತ್ತದೆ, ಅವನ ಕಿವಿಗೆ ಮುಚ್ಚಳ ಇರುವುದೂ ಅಪರೂಪ. ಅಭ್ಯಾಸಕ್ಕೆ ಬ್ರೇಕ್ ಹಾಕಿ, ಬೇಟೆಗೆ ತೆಗೆದಿಟ್ಟು ಹೋಗಬಹುದು. ತೆಗೆದಾಗ ಗುರಿ ಬದಲಾಗಿದೆಯೇ ಎಂದು ಮತ್ತೆ ಹೊಡೆದು ನೋಡಲೇಬೇಕು. ಕಾನೂನು ಒಪ್ಪುವ ದೇಶದಲ್ಲಿ ಸಪ್ರೆಸರ್ (ಮೂತಿಗೆ ಹಾಕುವ, ಸದ್ದಡಗಿಸುವ ಕೊಳವೆ) ಇದಕ್ಕಿಂತ ಎಷ್ಟೋ ಮೇಲು. ಅದು ಒದೆತವನ್ನೂ ಸದ್ದನ್ನೂ ಒಟ್ಟಿಗೆ ತಗ್ಗಿಸುತ್ತದೆ.

ಅಭ್ಯಾಸದಲ್ಲಿ ಹೆಚ್ಚಿನವರು ಕೆಡುವುದು ಬೆಂಚಿನ ಮೇಲೆ. ಕುರ್ಚಿಯಲ್ಲಿ ಕೂತು ಮೇಜಿಗೆ ಬಾಗಿದಾಗ ಮೈ ಹಿಂದಕ್ಕೆ ತೂಗಲಾರದು, ಪೂರ್ತಿ ಏಟು ಹೆಗಲಿನಲ್ಲೇ ನಿಲ್ಲುತ್ತದೆ. ನೆಲಕ್ಕೆ ಮಲಗಿ ಹೊಡೆಯುವುದು ಇನ್ನೂ ಕೆಟ್ಟದ್ದು, ಕೊರಳೆಲುಬಿಗೇ ಬೀಳುತ್ತದೆ. ಗುರಿ ಹೊಂದಿಸಲು ಮರಳಚೀಲಗಳನ್ನು ಎದೆಯೆತ್ತರಕ್ಕೆ ಪೇರಿಸಿ ನಿಂತೇ ಹೊಡೆಯಿರಿ. ಹೆಗಲಿಗೂ ರೈಫಲ್ಲಿಗೂ ನಡುವೆ ಮೆತ್ತೆಯಿಟ್ಟುಕೊಳ್ಳಲು ನಾಚಿಕೆ ಬೇಡ. ಮೊದಲು ಬೋಲ್ಟ್ (ನಳಿಗೆಯ ಹಿಂಬಾಯಿ ಮುಚ್ಚುವ ಅಗುಳಿ) ತೆಗೆದು ನಳಿಗೆಯೊಳಗಿಂದಲೇ ಗುರಿಹಲಗೆ ನೋಡಿ ಸ್ಕೋಪ್ ಸರಿಮಾಡಿಕೊಂಡು, 25 ಮೀಟರಿನಲ್ಲಿ ಒಂದೆರಡು ಗುಂಡು, ಆಮೇಲೆ 100 ಮೀಟರಿನಲ್ಲಿ ಮೂರು. ದೊಡ್ಡ ರೈಫಲ್ಲಿನಲ್ಲಿ ಒಂದು ದಿನಕ್ಕೆ ಅಷ್ಟು ಸಾಕು. ರೈಫಲ್ಲನ್ನು ಸೀಸದ ಚೀಲಗಳಿಂದ ಅಲುಗದಂತೆ ಬಂಧಿಸುವ ಚೌಕಟ್ಟುಗಳಿವೆ. ಹೆಗಲು ಪಾರಾಗುತ್ತದೆ ನಿಜ, ಆದರೆ ಆ ಬಲ ಸ್ಟಾಕಿನ ಮರಕ್ಕೆ ಹೋಗಿ ಅದು ಸೀಳುವುದುಂಟು.

ಉಳಿದ ಅಭ್ಯಾಸವೆಲ್ಲ .22 ರೈಫಲ್ಲಿನಲ್ಲಿ, ಮೂರು ಕಾಲಿನ ಊರುಗೋಲಿನ ಮೇಲೆ, ನಿಂತು. ನಡುನಡುವೆ ದೊಡ್ಡ ರೈಫಲ್ಲಿಗೆ ಡಮ್ಮಿ (ಮದ್ದಿಲ್ಲದ) ತೋಟಾ ಹಾಕಿ ಖಾಲಿ ಟ್ರಿಗರ್ ಎಳೆಯಿರಿ. ಫ್ಲಿಂಚ್ ಇದೆಯೇ ಎಂದು ಕಂಡುಹಿಡಿಯಲು ಗೆಳೆಯರೊಬ್ಬರು ನಿಮಗೆ ಕಾಣದಂತೆ ಒಮ್ಮೆ ನಿಜವಾದ ತೋಟಾ, ಒಮ್ಮೆ ಡಮ್ಮಿ ತುಂಬಿ ಕೊಡಲಿ. ಡಮ್ಮಿಯ ಮೇಲೆ ಟಕ್ ಎಂದಾಗ ಮೂತಿ ಕೆಳಕ್ಕೆ ಕುಸಿದರೆ ಅದೇ ಫ್ಲಿಂಚ್. ಆ ದಿನ ದೊಡ್ಡ ರೈಫಲ್ ಎತ್ತಿಟ್ಟು .22ಕ್ಕೆ ಮರಳುವುದೊಂದೇ ದಾರಿ. ತೋಟಾ ತಾವೇ ತುಂಬಿಕೊಳ್ಳುವವರು ಮದ್ದು ಇಳಿಸಿ ಒದೆತ ತಗ್ಗಿಸಬಹುದು, ಆದರೆ ಕೈಪಿಡಿಯಲ್ಲಿ ಕೊಟ್ಟ ಅಳತೆಯಲ್ಲೇ. ನಿಧಾನವಾಗಿ ಉರಿಯುವ ಮದ್ದನ್ನು ಮನಸ್ಸಿಗೆ ಬಂದಷ್ಟು ಕಡಿಮೆ ಮಾಡಿದರೆ ಒತ್ತಡ ಏರುಪೇರಾಗಿ ರೈಫಲ್ಲೇ ಸಿಡಿಯುವ ಅಪಾಯವಿದೆ.

ಒದೆತ ಮನುಷ್ಯನನ್ನಷ್ಟೇ ಅಲ್ಲ, ಮ್ಯಾಗಜೀನಿನಲ್ಲಿ ಕಾದಿರುವ ತೋಟಾಗಳನ್ನೂ ಕುಲುಕುತ್ತದೆ. ರೈಫಲ್ ಹಿಂದಕ್ಕೆ ಬಂದಾಗ ಅವುಗಳ ಮೂತಿ ಮ್ಯಾಗಜೀನಿನ ಮುಂಗೋಡೆಗೆ ಬಡಿದು ಗುಂಡು ತೋಟಾದೊಳಗೆ ಇಳಿಯಬಹುದು. ಹೀಗೆ ಗುಂಡು ಒಳಗಿಳಿದ ತೋಟಾ ನಳಿಗೆಯ ಹಿಂತುದಿಯ ಕೋಣೆಗೆ ಸರಿಯಾಗಿ ಏರದೆ, ಎರಡನೇ ಈಡು ಬೇಕಾದ ಹೊತ್ತಿನಲ್ಲೇ ಸಿಕ್ಕಿಹಾಕಿಕೊಳ್ಳುತ್ತದೆ. ದೊಡ್ಡ ಕ್ಯಾಲಿಬರಿನ ತೋಟಾಗಳ ಬಾಯಿಯನ್ನು ಗುಂಡಿನ ಗೀರಿಗೆ ಬಿಗಿಯಾಗಿ ಅದುಮಿರುವುದು ಇದಕ್ಕೇ. ಎರಡು ಗುಂಡು ಹಾರಿಸಿದ ಮೇಲೆ ಉಳಿದ ತೋಟಾಗಳನ್ನು ಹೊರತೆಗೆದು ಹೊಸದೊಂದರ ಪಕ್ಕ ಇಟ್ಟು ಉದ್ದ ಹೋಲಿಸಿ. ಗಿಡ್ಡವಾಗಿದ್ದರೆ ಅಂಥವನ್ನು ಪಕ್ಕಕ್ಕಿಡಿ. ಅದೇ ಹೊತ್ತಿಗೆ ಸ್ಕೋಪಿನ ತಿರುಪುಗಳನ್ನೂ, ಸ್ಟಾಕಿನಲ್ಲಿ ರಿಕಾಯಿಲ್ ಲಗ್ (ಒದೆತದ ಬಲವನ್ನು ಸ್ಟಾಕಿಗೆ ದಾಟಿಸುವ ಲೋಹದ ಗೂಟ) ಕೂರುವ ಜಾಗದ ಹಿಂದೆ ಕೂದಲೆಳೆ ಬಿರುಕು ಮೂಡಿದೆಯೇ ಎಂಬುದನ್ನೂ ಪರೀಕ್ಷಿಸಿ.