ಕಾರ್-ಟಿ ಚಿಕಿತ್ಸೆಯ ನಂತರದ 15 ವರ್ಷ

ಕೆಲವು ರಕ್ತದ ಕ್ಯಾನ್ಸರ್‌ಗಳಿಗೆ ಕೊಡುವ ಕಾರ್-ಟಿ ಕೋಶಗಳು ಮಾತ್ರೆಯ ಹಾಗೆ ಕರಗಿ ಹೋಗುವುದಿಲ್ಲ. ರೋಗಿಯದೇ ಟಿ ಕೋಶಗಳಿಗೆ (ರೋಗನಿರೋಧಕ ಬಿಳಿ ರಕ್ತಕಣಗಳು) ವೈರಸ್ ವಾಹಕದಿಂದ, ಕ್ಯಾನ್ಸರ್ ಕೋಶವನ್ನು ಗುರುತಿಸುವ ಹೊಸ ಜೀನ್ ಸೇರಿಸಿ ಮರಳಿ ಕೊಟ್ಟಿರುತ್ತೇವೆ. 2010ರಲ್ಲಿ ಚಿಕಿತ್ಸೆ ಪಡೆದ ಇಬ್ಬರ ರಕ್ತದಲ್ಲಿ ಹತ್ತು ವರ್ಷಗಳ ಬಳಿಕವೂ ಅವು ಇದ್ದವು. ಆ ಜೀನ್ ಡಿಎನ್‌ಎಯ ಯಾವ ಜಾಗದಲ್ಲಿ ಕೂರುತ್ತದೆಂದು ಮೊದಲೇ ಹೇಳಲಾಗದು. ಕೂರಬಾರದ ಕಡೆ ಕೂತರೆ ಕೋಶ ಹತೋಟಿ ತಪ್ಪಬಹುದು. ಅದಕ್ಕೇ ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ 15 ವರ್ಷ ನಿಗಾ ಇಡಲು ಹೇಳುತ್ತದೆ. 2024ರಲ್ಲಿ ಟಿ ಕೋಶದ ಕ್ಯಾನ್ಸರ್ ಬಗ್ಗೆ ಲೇಬಲ್‌ನಲ್ಲಿ ಎಚ್ಚರಿಕೆ ಸೇರಿಸಿದಾಗ, ಎರಡನೇ ಕ್ಯಾನ್ಸರ್‌ಗಾಗಿ ಜೀವನಪೂರ್ತಿ ಕಣ್ಣಿಡಬೇಕೆಂದೂ ಹೇಳಿತು.

ಟಿ ಕೋಶದ ಆ ಕ್ಯಾನ್ಸರ್ ಅಪರೂಪ. ದಿನನಿತ್ಯ ಕಾಡುವುದು ಸೋಂಕು.

ಬಿ ಕೋಶಗಳ ಮೇಲಿರುವ ಸಿಡಿ19 ಎಂಬ ಪ್ರೋಟೀನನ್ನು ಗುರಿಯಾಗಿಸುವ ಕಾರ್-ಟಿ ಕೋಶಗಳು, ಪ್ರತಿಕಾಯ ತಯಾರಿಗೆ ಬೇಕಾದ ಆರೋಗ್ಯವಂತ ಬಿ ಕೋಶಗಳನ್ನೂ ಕೊಲ್ಲುತ್ತವೆ, ಪ್ರತಿಕಾಯ ತಯಾರಿ ಕುಸಿಯುತ್ತದೆ. ರಕ್ತದ ಮುಖ್ಯ ಪ್ರತಿಕಾಯವಾದ ಐಜಿಜಿ 400 ಮಿ.ಗ್ರಾಂ/ಡೆ.ಲೀ.ಗಿಂತ ಕೆಳಗಿಳಿದು ಸೋಂಕು ಮರುಕಳಿಸುತ್ತಿದ್ದರೆ, ಕೆ.ಜಿ. ತೂಕಕ್ಕೆ ಸುಮಾರು 0.4 ಗ್ರಾಂ ಇಮ್ಯುನೊಗ್ಲಾಬ್ಯುಲಿನ್ (ದಾನಿಗಳ ರಕ್ತದಿಂದ ತೆಗೆದ ಪ್ರತಿಕಾಯ) ನಾಲ್ಕು ವಾರಕ್ಕೊಮ್ಮೆ, 60 ಕೆ.ಜಿ. ಇದ್ದವರಿಗೆ 24 ಗ್ರಾಂ. ಇದನ್ನು ಶುರುಮಾಡುವ ಮೊದಲೇ ಹೆಪಟೈಟಿಸ್ ಬಿ ಪರೀಕ್ಷೆಗೆ ರಕ್ತ ತೆಗೆದಿಡಿ. ದಾನಿಗಳ ಪ್ರತಿಕಾಯ ಒಳಹೋದ ಮೇಲೆ ಮಾಡಿದರೆ ಫಲಿತಾಂಶ ನಂಬುವಂತಿರುವುದಿಲ್ಲ.

ಸೋಂಕಿನ ವಿರುದ್ಧ ಹೋರಾಡುವ ಬಿಳಿ ರಕ್ತಕಣ ನ್ಯೂಟ್ರೋಫಿಲ್ ವಿಷಯದಲ್ಲಿ ಮೋಸಹೋಗುವವರು ಹೆಚ್ಚು. ಎಣಿಕೆ ಮೂರನೇ ವಾರದ ಹೊತ್ತಿಗೆ ಏರುತ್ತದೆ, ಎಲ್ಲರಿಗೂ ಸಮಾಧಾನ; ಹಲವರಲ್ಲಿ ಎರಡನೇ ತಿಂಗಳಲ್ಲಿ ಮತ್ತೆ ಬೀಳುತ್ತದೆ. ಒಂದು ವರದಿ ಚೆನ್ನಾಗಿದೆಯೆಂದು ರಕ್ತಪರೀಕ್ಷೆ ನಿಲ್ಲಿಸಬೇಡಿ. ಸೋಂಕು ತಡೆಯುವ ಕೋಟ್ರೈಮೊಕ್ಸಜೋಲ್ ಕನಿಷ್ಠ ಆರು ತಿಂಗಳು, ಆಮೇಲೂ ಸಿಡಿ4 ಎಂಬ ಟಿ ಕೋಶಗಳ ಎಣಿಕೆ 200 ದಾಟುವವರೆಗೆ. ಸರ್ಪಸುತ್ತು ತಡೆಯುವ ಅಸೈಕ್ಲೊವಿರ್ ಸಾಮಾನ್ಯವಾಗಿ ಒಂದು ವರ್ಷ. ಹುಷಾರಾಗಿದ್ದೇನೆಂದು ಮಾತ್ರೆ ಬಿಟ್ಟವರಿಗೇ ಸರ್ಪಸುತ್ತು ಬರುವ ಅಪಾಯ.

ಇನ್ನೊಂದು ಎಡವಟ್ಟು ಎಚ್‌ಐವಿ ಪರೀಕ್ಷೆಯದು. ಕೆಲವು ಕಾರ್-ಟಿಗಳ ಲೆಂಟಿವೈರಸ್ ವಾಹಕದಲ್ಲಿ ಎಚ್‌ಐವಿಯ ಜೀನ್ ತುಣುಕುಗಳಿರುವುದರಿಂದ, ಸೋಂಕಿಲ್ಲದಿದ್ದರೂ ವೈರಸ್‌ನ ಜೀನ್ ಹುಡುಕುವ ಪಿಸಿಆರ್ ಪರೀಕ್ಷೆ 'ಪಾಸಿಟಿವ್' ಎನ್ನಬಹುದು. ರೋಗಿಗೆ ಹೇಳುವ ಮುನ್ನ ಪ್ರತಿಜನಕ-ಪ್ರತಿಕಾಯ ಪರೀಕ್ಷೆ ಮಾಡಿಸಿ. ಅನಗತ್ಯವಾಗಿ ಒಂದು ಕುಟುಂಬವನ್ನು ನಡುಗಿಸುವುದು ಬೇಡ. ಕಾರ್-ಟಿ ಪಡೆದವರು ರಕ್ತದಾನ, ಅಂಗದಾನ ಮಾಡುವಂತಿಲ್ಲ.

ಬಿಸಿಎಂಎ (ಮಯಲೋಮಾ ಎಂಬ ರಕ್ತ ಕ್ಯಾನ್ಸರ್ ಕೋಶಗಳ ಮೇಲಿನ ಪ್ರೋಟೀನ್) ಗುರಿಯ ಕಾರ್-ಟಿ ಚಿಕಿತ್ಸೆಯಾದವರಲ್ಲಿ ಕೈಬರಹ ಚಿಕ್ಕದಾಗುವುದು, ಮುಖದಲ್ಲಿ ಭಾವವಿಲ್ಲದಿರುವುದು, ನಡಿಗೆ ನಿಧಾನವಾಗುವುದು ಪಾರ್ಕಿನ್ಸನ್ ಮಾದರಿಯ ತೊಂದರೆಯ ಸುಳಿವು. ಮನೆಯವರನ್ನೇ ಕೇಳಿ, ರೋಗಿಗೆ ಗೊತ್ತಾಗದಿರಬಹುದು. ನಿಲ್ಲದ ಭೇದಿಯನ್ನೂ ಹಗುರವಾಗಿ ಕಾಣಬೇಡಿ.

ಹೊಸ ಗಂಟು, ವಾಸಿಯಾಗದ ಚರ್ಮದ ಕಲೆ ಕಂಡರೆ ಬಯಾಪ್ಸಿ. ಕಾರಣವಿಲ್ಲದೆ ರಕ್ತಕಣ ಇಳಿಯುತ್ತಿದ್ದರೆ ಅಸ್ಥಿಮಜ್ಜೆ ಪರೀಕ್ಷೆ. ಕತ್ತರಿ ಹಾಕುವ ಮೊದಲೇ ಚಿಕಿತ್ಸಾ ಕೇಂದ್ರಕ್ಕೂ ತಯಾರಕರಿಗೂ ತಿಳಿಸಿ, ಅಂಗಾಂಶ ಹೇಗೆ ಸಂರಕ್ಷಿಸಬೇಕೆಂದು ಕೇಳಿಕೊಳ್ಳಿ. ಗಡ್ಡೆಯೊಳಗೆ ಕಾರ್ ಜೀನ್ ಇದೆಯೇ ಎಂದು ನೋಡದೆ, ಚಿಕಿತ್ಸೆಯಿಂದಲೇ ಬಂತೋ ಅಲ್ಲವೋ ಎಂದು ನಿರ್ಧರಿಸಲಾಗದು.

ಐದು ವರ್ಷದ ಬಳಿಕ ವರ್ಷಕ್ಕೊಂದು ಫೋನ್ ಕರೆ, ಪ್ರಶ್ನಾವಳಿಯಲ್ಲೂ ನಿಗಾ ಮುಂದುವರಿಸಬಹುದು. ಆದ್ದರಿಂದ ಊರು ಬದಲಿಸಿದವರು ಹೊಸ ನಂಬರನ್ನು ಕೇಂದ್ರಕ್ಕೆ ಕೊಡಲೇಬೇಕು. ಚಿಕಿತ್ಸೆಯ ಹೆಸರು, ಕೋಶ ಕೊಟ್ಟ ದಿನಾಂಕ, ಬ್ಯಾಚ್ ಸಂಖ್ಯೆ ಇರುವ ಕಾರ್ಡ್ ಸದಾ ಪರ್ಸ್‌ನಲ್ಲಿರಲಿ.